ಕೆನ್ನೆಯ ಮೇಲಿನ ಗೀರು

ನನ್ನ ದೊಡ್ಡಮ್ಮ ತನ್ನ ಇಡೀ ಜೀವಮಾನದಲ್ಲಿ ಒಬ್ಬನೇ ಒಬ್ಬ ಗಂಡಸು ನೂರು ವರ್ಷ ಬಾಳಲಿ ಎಂದು ಮನಸಾರೆ ಬಯಸಿದ್ದಳು. ಅವನನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅವನು ಎದೆನೋವು ಬಂದು ಆಸ್ಪತ್ರೆ ಸೇರಿದಾಗ ಎರಡು ಬಸ್ಸು ಬದಲಾಯಿಸಿ ಹೋಗಿ ಸೇಬು, ಕಿತ್ತಳೆ ಕೊಟ್ಟು ಬಂದಳು. ಬಂದವಳು ಚಪ್ಪಲಿ ಬಿಡುವ ಮೊದಲೇ ನನ್ನ ಅಮ್ಮನಿಗೆ ವರದಿ ಒಪ್ಪಿಸಿದಳು.

"ಗಾಬರಿ ಏನಿಲ್ಲ ಕಣೇ. ಇನ್ನೂ ಹತ್ತು ವರ್ಷ ಗಟ್ಟಿಯಾಗಿರ್ತಾನಂತೆ. ಡಾಕ್ಟ್ರನ್ನೇ ಕೇಳ್ಕೊಂಡು ಬಂದೆ."

"ನಿಂಗೆ ತಲೆ ಕೆಟ್ಟಿದೆ ಅಕ್ಕ" ಎಂದಳು ಅಮ್ಮ.

"ಕೆಡದೆ ಇನ್ನೇನು? ಅವನು ಈಗ್ಲೇ ಸತ್ತುಹೋದ್ರೆ ನಾನು ಯಾರಿಗೆ ತೋರಿಸ್ಲಿ?"

ಕ್ಷಮಿಸುವುದು ದೊಡ್ಡ ಗುಣ ಎನ್ನುವವರು ಇಲ್ಲಿಗೇ ನಿಲ್ಲಿಸಿ ಬೇರೆ ಏನಾದರೂ ಓದಬಹುದು. ನಮ್ಮ ಮನೆಯಲ್ಲಿ ಆ ಗುಣ ಯಾರಿಗೂ ಬಂದಿಲ್ಲ. ದೊಡ್ಡಮ್ಮನಿಗಂತೂ ಅದರ ಗಾಳಿಯೂ ಸೋಕಿರಲಿಲ್ಲ, ನನಗೆ ಅದರ ಬಗ್ಗೆ ಒಂದಿಷ್ಟೂ ಬೇಸರವಿಲ್ಲ.

ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ಅಂಥದ್ದೊಂದು ಕೆಲಸ ಇದೆಯೆಂದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅವಳು ವಸ್ತುಸಂಗ್ರಹಾಲಯದ ಹಿಂಭಾಗದ ಕೋಣೆಯಲ್ಲಿ ಕೂತು ಕಲ್ಲಿನೊಳಗಿಂದ ಮೂಳೆ ಬಿಡಿಸುತ್ತಿದ್ದಳು. ಕೋಟಿಗಟ್ಟಲೆ ವರ್ಷ ಹಿಂದೆ ಸತ್ತ ಪ್ರಾಣಿಯ ಸುತ್ತ ಮಣ್ಣು ಕಲ್ಲಾಗಿ ಹಿಡಿದುಕೊಂಡಿರುತ್ತದೆ, ಮೂಳೆಯೂ ಕಲ್ಲಾಗಿರುತ್ತದೆ. ಎರಡೂ ಕಲ್ಲೇ. ಯಾವುದು ಮೂಳೆ, ಯಾವುದು ಬರೀ ಕಲ್ಲು ಎಂದು ಸೂಜಿಯ ತುದಿಗೆ ಗೊತ್ತಾಗಬೇಕು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಒಂದೊಂದು ಕಣ ಎಬ್ಬಿಸಿ, ರಬ್ಬರ್ ಬುಡ್ಡೆಯಿಂದ ಉಫ್ ಎಂದು ಧೂಳು ಊದಿ, ಮತ್ತೆ ಸೂಜಿ. ಒಂದು ಉಗುರಿನಷ್ಟು ಜಾಗಕ್ಕೆ ಒಂದು ವಾರ.

ಈ ಕೈ ಅವಳಿಗೆ ತಾತನಿಂದ ಬಂದದ್ದು. ತಾತನದು ಗಡಿಯಾರ ರಿಪೇರಿಯ ಅಂಗಡಿ. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡ ಒಂದು ಬೀರು ಅಷ್ಟೇ. ದೊಡ್ಡಮ್ಮ ಹನ್ನೆರಡನೇ ವಯಸ್ಸಿಗೇ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅಲ್ಲಿ ಕೂರುತ್ತಿದ್ದಳಂತೆ. ತಾತ ತೀರಿಕೊಂಡ ಮೇಲೆ ಅಂಗಡಿಯೂ ಮುಚ್ಚಿತು. ಕೈ ನಡುಗದವರು ಬೇಕು ಎಂದು ಸಂಗ್ರಹಾಲಯದವರು ಕರೆದಿದ್ದರು, ಇವಳು ಹೋದಳು. ಪರೀಕ್ಷೆಗೆ ಒಂದು ಕೋಳಿಮೊಟ್ಟೆ ಕೊಟ್ಟು, ಒಳಗಿನ ಪೊರೆ ಹರಿಯದಂತೆ ಚಿಪ್ಪು ಬಿಡಿಸು ಅಂದರಂತೆ. ಬಿಡಿಸಿ ಕೊಟ್ಟು, "ಇನ್ನೊಂದಿದ್ರೆ ಕೊಡಿ" ಅಂದಳಂತೆ.

ಮದುವೆ ಆಗಲಿಲ್ಲ. ಅಮ್ಮ ಒಬ್ಬ ಗಂಡನ್ನು ತೋರಿಸಿದಾಗ ದೊಡ್ಡಮ್ಮ ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. "ಇಪ್ಪತ್ತೆಂಟು ಕೋಟಿ ವರ್ಷದವನ ಕೆನ್ನೆ ದಿನಾ ಸವರ್ತೀನಿ. ಮೂವತ್ತೈದರ ಹುಡುಗನ್ನ ಏನು ಮಾಡ್ಲಿ?"

ಆ ಇಪ್ಪತ್ತೆಂಟು ಕೋಟಿ ವರ್ಷದವನೇ ಎಲ್ಲದಕ್ಕೂ ಮೂಲ. ಉಡದಷ್ಟು ಗಾತ್ರದ ಪ್ರಾಣಿ. ದಪ್ಪ ತಲೆ, ಗಿಡ್ಡ ಬಾಲ, ನೆಲಕ್ಕೆ ಅಗಲವಾಗಿ ಊರಿದ ನಾಲ್ಕು ಗಟ್ಟಿ ಕಾಲು. ಬೆನ್ನುಮೂಳೆ ನೋಡಿದರೆ ಸರೀಸೃಪ, ಹೆಗಲು ನೋಡಿದರೆ ಸರೀಸೃಪ, ಒಣನೆಲದ ಮೇಲೆ ದರ್ಬಾರು ಮಾಡಿಕೊಂಡು ಓಡಾಡಿದ ಪ್ರಾಣಿ. ದೊಡ್ಡಮ್ಮ ಅದನ್ನು ಅಜ್ಜ ಎಂದು ಕರೆಯುತ್ತಿದ್ದಳು. ಎರಡು ವರ್ಷ ಹಿಡಿಯಿತು ಅಜ್ಜನ ತಲೆಬುರುಡೆ ಬಿಡಿಸಲು.

ವಿಭಾಗದ ಮುಖ್ಯಸ್ಥರಾಗಿದ್ದವರು ಒಬ್ಬ ಪ್ರೊಫೆಸರ್. ಹಣ್ಣು ತಿಂದ ಮಹಾನುಭಾವ ಅವರೇ. ದೊಡ್ಡಮ್ಮ ಅವರನ್ನು ಕಚೇರಿಯಲ್ಲಿ ಸರ್ ಎನ್ನುತ್ತಿದ್ದಳು, ಹೊಸ್ತಿಲು ದಾಟಿ ಮನೆಗೆ ಬಂದ ಕೂಡಲೇ ಅವನು ಎನ್ನುತ್ತಿದ್ದಳು. ಪ್ರೊಫೆಸರ್ ಆಗಲೇ ಒಂದು ಪುಸ್ತಕ ಬರೆಯುತ್ತಿದ್ದರು. ಇದು ಜಗತ್ತಿನ ಅತ್ಯಂತ ಹಳೆಯ ಸರೀಸೃಪ, ನೀರಿನ ಹಂಗನ್ನು ಪೂರ್ತಿ ಕಡಿದುಕೊಂಡ ಮೊದಲ ಜೀವ ಎಂದು ಅದರ ವಾದ. ತಲೆಬುರುಡೆ ಕಲ್ಲಿನಿಂದ ಹೊರಬರುವ ಮೊದಲೇ ಪುಸ್ತಕದ ಮುಕ್ಕಾಲು ಭಾಗ ಮುಗಿದಿತ್ತು.

ಆಗ ದೊಡ್ಡಮ್ಮನಿಗೆ ಅಜ್ಜನ ಕಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ ಒಂದು ಸಣ್ಣ ಕಾಲುವೆ ಸಿಕ್ಕಿತು. ಕೂದಲಿನಷ್ಟು ತೆಳ್ಳಗೆ ಬಾಗಿ ಮೂತಿಯ ಕಡೆ ಹೋಗಿತ್ತು. ಅದರ ತುಂಬ ಕೆಂಪು ಕಲ್ಲು. ಮೀನಿನ ಮೈಪಕ್ಕದಲ್ಲಿ ಒಂದು ಗೆರೆ ಇರುವುದನ್ನು ನೀವು ನೋಡಿರಬಹುದು. ನೀರು ಅಲುಗಿದ್ದು ಮೀನಿಗೆ ಗೊತ್ತಾಗುವುದು ಅದರಿಂದಲೇ. ಕಪ್ಪೆಯ ಮರಿಗೂ ಅಂಥದ್ದಿರುತ್ತದೆ. ಒಣಗಿದ ನೆಲದಲ್ಲಿ ಮೊಟ್ಟೆಯೊಡೆದು ಬರುವ ಹಲ್ಲಿಮರಿಗೆ ಅದರ ಅಗತ್ಯವಿಲ್ಲ. ಅಜ್ಜನ ಕೆನ್ನೆಯ ಕಾಲುವೆಯ ಅರ್ಥ ಇಷ್ಟೇ: ಎಷ್ಟೇ ಸರೀಸೃಪದ ಹಾಗೆ ಮೆರೆದರೂ ಇವನು ಚಿಕ್ಕವನಾಗಿದ್ದಾಗ ನೀರಿನಲ್ಲಿ ಈಜಾಡಿದವನು. ಕಪ್ಪೆಯ ಕಡೆಯವನು, ಉಭಯವಾಸಿ.

ದೊಡ್ಡಮ್ಮನಿಗೆ ಆಗ ಇದೆಲ್ಲ ಅಷ್ಟು ಗೊತ್ತಿರಲಿಲ್ಲ. ಏನೋ ಚೆಂದದ್ದು ಸಿಕ್ಕಿದೆ ಎಂದು ಮಾತ್ರ ಗೊತ್ತಿತ್ತು. ಅಲ್ಲೇ ಅವಳು ತಪ್ಪು ಮಾಡಿದ್ದು. ಕೆಲಸ ಬಾರದವರು ಮಾಡುವ ತಪ್ಪಲ್ಲ ಅದು, ಕೆಲಸ ತೀರಾ ಚೆನ್ನಾಗಿ ಬರುವವರು ಮಾಡುವ ತಪ್ಪು. ಮೂರು ವಾರ ಕೂತು ಕಾಲುವೆಯೊಳಗಿನ ಕೆಂಪು ಕಲ್ಲನ್ನೆಲ್ಲ ಒಂದು ಕಣವೂ ಉಳಿಯದಂತೆ ತೆಗೆದು, ಕನ್ನಡಿಯ ಹಾಗೆ ಮಾಡಿ ಪ್ರೊಫೆಸರ್ ಮುಂದೆ ಇಟ್ಟಳು. ಇದು ಈಚೆಗೆ ಯಾರೋ ಗೀರಿದ್ದಲ್ಲ, ಮೊದಲಿನಿಂದಲೂ ಇದ್ದದ್ದು ಎನ್ನಲು ಒಳಗಿನ ಕಲ್ಲೇ ಸಾಕ್ಷಿಯಾಗುತ್ತಿತ್ತು. ಇಪ್ಪತ್ತೆಂಟು ಕೋಟಿ ವರ್ಷದ ಸಾಕ್ಷಿಯನ್ನು ತನ್ನ ಕೈಯಾರೆ ಊದಿ ಹಾರಿಸಿದ್ದಳು.

ಪ್ರೊಫೆಸರ್ ನೋಡಿದರು. ತುಂಬ ಹೊತ್ತು ನೋಡಿದರು. ನನ್ನ ಲೆಕ್ಕದಲ್ಲಿ ಅವರಿಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಗಿತ್ತು.

"ಏನಿದು? ಸೂಜಿ ಜಾರಿಸಿದೀಯ."

"ಇಲ್ಲ ಸರ್. ಇದು ಕಲ್ಲಿನ ಕೆಳಗೇ ಇತ್ತು. ಒಳಗೆ ಕಲ್ಲು ತುಂಬಿತ್ತು, ನಾನೇ ತೆಗೆದೆ."

"ಎಲ್ಲಿ ಆ ಕಲ್ಲು?"

ಎಲ್ಲಿದೆ ಎಂದು ಹೇಳುವುದು? ಬೆಳಿಗ್ಗೆ ಗುಡಿಸುವವಳು ಗುಡಿಸಿಕೊಂಡು ಹೋಗಿದ್ದಳು.

"ಗಡಿಯಾರ ರಿಪೇರಿ ಮಾಡ್ಕೊಂಡಿದ್ದವಳು ನನಗೆ ಮೂಳೆ ಪಾಠ ಹೇಳ್ಬೇಡ" ಎಂದು ಪ್ರೊಫೆಸರ್ ಮಾತು ಮುಗಿಸಿದರು.

ಪುಸ್ತಕ ಬಂತು. ಅದರ ಮುನ್ನುಡಿಯಲ್ಲಿ ಹೀಗಿದೆ: "ಈ ಅಪೂರ್ವ ತಲೆಬುರುಡೆಯನ್ನು ನಾನೇ ಸ್ವತಃ ಸೂಜಿ ಹಿಡಿದು, ಎರಡು ವರ್ಷ ಹಗಲಿರುಳು ಶ್ರಮಿಸಿ ಶಿಲೆಯಿಂದ ಬಿಡಿಸಿದೆ." ನಲವತ್ತೇಳನೇ ಪುಟದ ಅಡಿಟಿಪ್ಪಣಿಯಲ್ಲಿ ಹೀಗಿದೆ: "ಕೆನ್ನೆಯ ಮೂಳೆಯ ಮೇಲಿನ ಗೀರು ಸ್ವಚ್ಛಗೊಳಿಸುವಾಗ ಕೆಲಸಗಾರ್ತಿಯ ಅಜಾಗರೂಕತೆಯಿಂದ ಆದದ್ದು." ಬಿಡಿಸಿದ್ದು ಅವರಂತೆ, ಗೀರಿದ್ದು ಮಾತ್ರ ಇವಳಂತೆ! ಇಪ್ಪತ್ತೆರಡು ವರ್ಷದಲ್ಲಿ ಆ ಪುಸ್ತಕ ಆರು ಸಲ ಅಚ್ಚಾಯಿತು. ಓದಿದ ಒಬ್ಬ ವಿದ್ವಾಂಸನಿಗೂ ಈ ಎರಡು ಪುಟ ಒಟ್ಟಿಗೆ ಕಾಣಲಿಲ್ಲ. ನನಗೆ ಈಗಲೂ ಬರೆಯುವಾಗ ಮೈ ಉರಿಯುತ್ತದೆ.

ಮೂಳೆ ಬಿಡಿಸುವವರ ಲೋಕ ಸಣ್ಣದು. ಅಲ್ಲಿ ಯಾರನ್ನು ಬೇಕಾದರೂ ಕುಡುಕ ಎನ್ನಿ, ಸೋಮಾರಿ ಎನ್ನಿ, ನಡೆಯುತ್ತದೆ. ಮೂಳೆ ಗೀರಿದವಳು ಎನ್ನಬಾರದು. ದೊಡ್ಡಮ್ಮನ ಕೈಯಿಂದ ಸೂಜಿ ಕಿತ್ತುಕೊಂಡು ಗಾಜಿನ ಪೆಟ್ಟಿಗೆಗಳ ಧೂಳು ಒರೆಸುವ ಬಟ್ಟೆ ಕೊಟ್ಟರು. ಹನ್ನೊಂದು ವರ್ಷ ಒರೆಸಿದಳು. ಅದರಲ್ಲಿ ಅಜ್ಜನ ಪೆಟ್ಟಿಗೆಯೂ ಒಂದು. ಅದರ ಮೇಲಿನ ಫಲಕದಲ್ಲಿ "ಜಗತ್ತಿನ ಮೊದಲ ಸರೀಸೃಪ" ಎಂಬ ಹಿತ್ತಾಳೆ ಅಕ್ಷರಗಳಿದ್ದವು. ಅವನ್ನೂ ವಾರಕ್ಕೊಮ್ಮೆ ಅವಳೇ ತಿಕ್ಕಿ ಹೊಳಪು ಬರಿಸಬೇಕಿತ್ತು.

"ಬಿಟ್ಟು ಬಾ ಅಕ್ಕ. ಬೇರೆ ಕೆಲಸವೇ ಇಲ್ವಾ ಊರಲ್ಲಿ?" ಎಂದು ಅಮ್ಮ ಅಳುತ್ತಿದ್ದಳು.

"ನಾನು ಬಿಟ್ಟು ಬಂದ್ರೆ ಆ ಗೀರು ನಂದೇ ಆಗ್ಬಿಡುತ್ತೆ ಕಣೇ."

ನಾನಾಗ ಶಾಲೆಗೆ ಹೋಗುತ್ತಿದ್ದೆ. ಸಂಜೆ ಅವಳು ನನ್ನ ಪೆನ್ಸಿಲ್ ಚೂಪು ಮಾಡಿಕೊಡುತ್ತಾ ಕೂರುತ್ತಿದ್ದಳು. ನಾನು ಬರೆಯಲು ಕೂತರೆ ಮೊದಲು ನನ್ನ ಕುರ್ಚಿಯ ಎತ್ತರ ನೋಡುತ್ತಿದ್ದಳು, ಬೇಕಾದರೆ ಕೆಳಗೆ ಮಡಿಸಿದ ಬಟ್ಟೆ ಇಡುತ್ತಿದ್ದಳು. ಅವಳ ಕಸುಬಿನ ಮೊದಲ ನಿಯಮ ಅದು. ಮೊಣಕೈ ಎರಡೂ ಮೇಜಿನ ಮೇಲೆ ಸರಿಯಾಗಿ ಕೂರಬೇಕು. ಮೊಣಕೈಗೆ ನೆಲೆ ಇಲ್ಲದಿದ್ದರೆ ಎಂಥ ಕೈಯೂ ಜಾರುತ್ತದೆ. ನಾನು ಇಂದು ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತೇನೆ, ಕಟ್ಟುಹಲ್ಲು ಕೆತ್ತುತ್ತೇನೆ. ನನ್ನ ಕೈ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ ಅದು ಆ ಮಡಿಸಿದ ಬಟ್ಟೆಯ ಪುಣ್ಯ.

ಕೊನೆಗೆ ಪ್ರೊಫೆಸರ್ ನಿವೃತ್ತರಾದರು. ನಿವೃತ್ತರಾದರು ಎಂದರೆ ಕುರ್ಚಿ ಬಿಟ್ಟರು ಅಷ್ಟೇ, ಆಡಳಿತ ಮಂಡಳಿಗೆ ಹತ್ತಿ ಕೂತರು. ಅವರ ಜಾಗಕ್ಕೆ ಒಬ್ಬರು ಮೇಡಂ ಬಂದರು. ದೊಡ್ಡಮ್ಮ ಧೂಳು ಒರೆಸುವ ರೀತಿ ನೋಡಿಯೇ ಈ ಕೈ ಬೇರೆ ಕೆಲಸದ್ದು ಎಂದು ಅವರಿಗೆ ಗೊತ್ತಾಯಿತಂತೆ. ಸೂಜಿ ವಾಪಸ್ಸು ಬಂತು. ನಾನು ಆಸ್ಪತ್ರೆಯಲ್ಲಿ ಹಲ್ಲು ಕೆರೆದು ಸವೆದುಹೋದ ಕಡ್ಡಿಗಳನ್ನು ಕೇಳಿ ತಂದುಕೊಡುತ್ತಿದ್ದೆ. ಅವಳು ಅವನ್ನು ಸಾಣೆ ಹಿಡಿದು ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತಿದ್ದಳು.

ಮೇಡಂ ಏನು ಕೆಲಸ ಬೇಕು ಎಂದು ಕೇಳಿದಾಗ ದೊಡ್ಡಮ್ಮ ನೆಲಮಾಳಿಗೆಯ ಕಲ್ಲುಗಳನ್ನು ಕೇಳಿದಳು. ಅಜ್ಜ ಸಿಕ್ಕಿದ ಗುಂಡಿಯಿಂದಲೇ ತಂದ ಇಪ್ಪತ್ಮೂರು ಕಲ್ಲುಗಳು ಮುರಿದ ಕೈಗೆ ಹಾಕುವಂಥ ಪ್ಲಾಸ್ಟರ್ ಪಟ್ಟಿ ಸುತ್ತಿಕೊಂಡು ಅಲ್ಲಿ ಬಿದ್ದಿದ್ದವು. ಅವನ್ನು ಯಾರೂ ಒಡೆದು ನೋಡಿರಲಿಲ್ಲ. ವರ್ಷಕ್ಕೆ ಎರಡು, ಮೂರು. ಒಂದರಲ್ಲಿ ಬರೀ ಪಕ್ಕೆಲುಬು, ಒಂದರಲ್ಲಿ ಬಾಲ, ಒಂದರಲ್ಲಿ ಏನೂ ಇಲ್ಲ. ಒಂಬತ್ತನೇ ವರ್ಷ, ಇಪ್ಪತ್ತೊಂದನೇ ಕಲ್ಲಿನಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ತಲೆಬುರುಡೆ ಕಂಡಿತು. ಅಜ್ಜನ ಜಾತಿಯದೇ ಮರಿ.

ಎಡಗೆನ್ನೆ ಬಿಡಿಸಿದಳು. ಕಣ್ಣಿನ ಕೆಳಗೆ ಕಾಲುವೆ ಇತ್ತು. ಅಜ್ಜನದಕ್ಕಿಂತ ಆಳ, ಅಜ್ಜನದಕ್ಕಿಂತ ಸ್ಪಷ್ಟ. ಒಳಗೆ ಕೆಂಪು ಕಲ್ಲು.

ಅವತ್ತು ಮನೆಗೆ ಬಂದು ಊಟಕ್ಕೆ ಕೂತವಳು ಅನ್ನಕ್ಕೆ ಕೈ ಹಾಕಲಿಲ್ಲ. "ನಿಲ್ಲಿಸ್ಬಿಟ್ಟೆ" ಎಂದಳು. "ಒಳಗಿನ ಕಲ್ಲು ಮುಟ್ಟಿಲ್ಲ. ಬಲಗೆನ್ನೆ ಮೇಲೆ ಸೂಜಿನೇ ಇಟ್ಟಿಲ್ಲ. ಎಡಗಡೆ ತೋರ್ಸಿದ್ರೆ ಮತ್ತೆ ನಾನೇ ಗೀರಿದೀನಿ ಅಂತಾನೆ. ಬಲಗಡೆ ಕಲ್ಲು ಇಪ್ಪತ್ತೆಂಟು ಕೋಟಿ ವರ್ಷದಿಂದ ಹಾಗೇ ಇದೆ. ಅದನ್ನ ಅವನೇ ತೆಗೀಬೇಕು."

ಅರ್ಧ ಬಿಡಿಸಿದ ಮೂಳೆಯನ್ನು ಮುಂದೆ ಇಟ್ಟುಕೊಂಡು ಕೈ ಕಟ್ಟಿ ಕೂರುವುದು ಅಂಥವರಿಗೆ ಎಂಥ ಹಿಂಸೆ ಎಂದು ಹೇಳಿದರೆ ನಂಬುವುದು ಕಷ್ಟ. ಸಂಗ್ರಹಾಲಯದ ಹೊಸ ಸಭಾಂಗಣ ಮುಗಿದು ಅವನನ್ನು ಕರೆಯಲು ನೆಪ ಸಿಗುವವರೆಗೆ, ಎರಡು ವರ್ಷ ಆ ಬಲಗೆನ್ನೆಯ ಮೇಲೆ ಮೆತ್ತನೆ ಹತ್ತಿ ಹೊದಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಆಗಲೇ ಪ್ರೊಫೆಸರ್‌ಗೆ ಎದೆನೋವು ಬಂದದ್ದು, ಇವಳು ಸೇಬು ಹೊತ್ತುಕೊಂಡು ಓಡಿದ್ದು.

ಮೇಡಂಗೆ ವಿಷಯ ತಿಳಿಸಿದಾಗ ಅವರು ಸರಿಯಾದ ಮಾತನ್ನೇ ಹೇಳಿದರು. "ಸ್ಕ್ಯಾನ್ ಮಾಡಿಸ್ಬಿಡೋಣ. ಕಲ್ಲಿನ ಒಳಗಡೆ ಏನಿದೆ ಅಂತ ಹಾಗೇ ಕಾಣುತ್ತೆ. ನಾನು ಬರೀತೀನಿ, ನಿಮ್ಮ ಹೆಸರೂ ಹಾಕ್ತೀನಿ."

"ಮಾಡ್ಸಿ ಮೇಡಂ. ಬರೀರಿ. ಆದ್ರೆ ಅದಕ್ಕೂ ಮುಂಚೆ ಒಂದು ದಿನ ನಂಗೆ ಕೊಡಿ."

ಮೇಡಂ, "ನಲವತ್ತೇಳನೇ ಪುಟ ನಾನೂ ಓದಿದೀನಿ" ಎಂದರಂತೆ. ಅಷ್ಟರಲ್ಲೇ ಎಲ್ಲ ತೀರ್ಮಾನವಾಯಿತು. ಅವರು ತಮ್ಮ ಹೆಸರಿನಲ್ಲೇ ಪ್ರೊಫೆಸರ್‌ಗೆ ಕಾಗದ ಬರೆದರು: ನಿಮ್ಮ ಸರೀಸೃಪದ ಮರಿ ಸಿಕ್ಕಿದೆ, ಹೊಸ ಸಭಾಂಗಣ ತೆರೆಯುವ ಮೊದಲು ಅದರ ಬಲಗೆನ್ನೆಯನ್ನು ನಿಮ್ಮ ಕೈಯಿಂದಲೇ ಬಿಡಿಸಬೇಕೆಂದು ನಮ್ಮ ಆಸೆ, ಅಜ್ಜನನ್ನು ಬಿಡಿಸಿದ ಕೈ ಅದೇ ಅಲ್ಲವೇ.

ಆ ಕೊನೆಯ ಸಾಲು ದೊಡ್ಡಮ್ಮನದು. ಬರುವುದಿಲ್ಲ ಎಂದರೆ ಮುನ್ನುಡಿ ಸುಳ್ಳಾಗುತ್ತದೆ. ಮಹಾನುಭಾವರು ತಾವೇ ತೋಡಿದ ಗುಂಡಿಯ ಅಂಚಿಗೆ ಕೋಟು ಹಾಕಿಕೊಂಡು ಬಂದರು.

ಬುಧವಾರ ಬೆಳಿಗ್ಗೆ ಹತ್ತೂವರೆ. ನಾನೂ ಅಲ್ಲಿದ್ದೆ, ಅದೂ ಕೆಲಸದ ಮೇಲೆ. ಬಾಯೊಳಗಿನ ಹಲ್ಲನ್ನು ಟಿವಿಯಲ್ಲಿ ದೊಡ್ಡದಾಗಿ ತೋರಿಸುವ ಒಂದು ಪುಟ್ಟ ಕ್ಯಾಮೆರಾ ನಮ್ಮ ಆಸ್ಪತ್ರೆಯಲ್ಲಿದೆ. ಡಾಕ್ಟರನ್ನು ಕಾಡಿಬೇಡಿ ಒಂದು ದಿನದ ಮಟ್ಟಿಗೆ ತಂದಿದ್ದೆ. ಅದನ್ನು ಮರಿಯ ತಲೆಯ ಮೇಲೆ ಕಟ್ಟಿ, ತಂತಿ ಎಳೆದು, ಗೋಡೆಯ ಟಿವಿಗೆ ಸೇರಿಸಿದೆ. ಹೆಬ್ಬೆರಳಿನಷ್ಟು ತಲೆ ಗೋಡೆಯಗಲ ಕಾಣುತ್ತಿತ್ತು. ದೊಡ್ಡಮ್ಮ ಬೆಳಿಗ್ಗೆಯಿಂದ ಪ್ರೊಫೆಸರ್ ಕೂರಬೇಕಾದ ಕುರ್ಚಿಯ ಹತ್ತಿರ ಮಂಡಿಯೂರಿಕೊಂಡು ಏನೋ ತಿರುಗಿಸುತ್ತಿದ್ದಳು. ಎತ್ತರ ಸರಿ ಮಾಡುವ ಹಳೇ ಚಾಳಿ ಎಂದುಕೊಂಡು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಪ್ರೊಫೆಸರ್ ಬಂದರು. ಜೊತೆಗೆ ಆಡಳಿತ ಮಂಡಳಿಯ ಇಬ್ಬರು, ಪತ್ರಿಕೆಯವನೊಬ್ಬ. ಎಪ್ಪತ್ತೆರಡು ವರ್ಷ, ಬೆಳ್ಳಗಿನ ಹುಬ್ಬು, ಬಣ್ಣ ಹಾಕಿದ ಕೂದಲು. ದೊಡ್ಡಮ್ಮನನ್ನು ನೋಡಿ, "ಓ, ನೀನಿನ್ನೂ ಇಲ್ಲೇ ಇದೀಯಾ?" ಎಂದರು.

"ಇದೀನಿ ಸರ್. ನಿಮಗೋಸ್ಕರ" ಎಂದಳು ದೊಡ್ಡಮ್ಮ. ಎಲ್ಲರೂ ನಕ್ಕರು. ನಾನು ತುಟಿ ಕಚ್ಚಿಕೊಂಡೆ.

ಎಡಗೆನ್ನೆಯನ್ನು ಆಮೇಲೆ ತೋರಿಸುವುದು ಎಂದು ಮರಳಿನ ಚೀಲದಲ್ಲಿ ಹುದುಗಿಸಿಟ್ಟಿದ್ದೆವು. ಬಲಗೆನ್ನೆ ಮೇಲಿತ್ತು, ಪೂರ್ತಿ ಕೆಂಪು ಕಲ್ಲಿನ ಕೆಳಗೆ. ಪ್ರೊಫೆಸರ್ ಕೂತರು, ಸೂಜಿ ತೆಗೆದುಕೊಂಡರು. ಲೇಖನಿ ಹಿಡಿದ ಹಾಗೆ ಹಿಡಿದರು. ಅಲ್ಲೇ ಅವರ ಎರಡು ವರ್ಷದ ಹಗಲಿರುಳು ಏನೆಂದು ಗೊತ್ತಾಗಿಹೋಯಿತು. ಸೂಜಿಯನ್ನು ಹಾಗೆ ಯಾರೂ ಹಿಡಿಯುವುದಿಲ್ಲ.

"ಮೆಲ್ಲಗೆ ಸರ್. ಕಣ್ಣಿನ ಗುಳಿಯಿಂದ ಈ ಕಡೆಗೆ. ನಿಮಗೆ ಹೇಳ್ಕೊಡ್ಬೇಕಾ?" ದೊಡ್ಡಮ್ಮನ ದನಿಯಲ್ಲಿ ಬೆಣ್ಣೆ ಸುರಿಯುತ್ತಿತ್ತು.

ಒಂದು ಚಕ್ಕೆ ಎದ್ದಿತು. ಇನ್ನೊಂದು. ಪತ್ರಿಕೆಯವನು ಫೋಟೊ ತೆಗೆದ. ಕಾಲು ಗಂಟೆ ಕಳೆದಿರಬೇಕು. ಕಪ್ಪು ಮೂಳೆ ಕಾಣತೊಡಗಿತು, ಅದರ ಮೇಲೆ ಕೆಂಪಗೆ ಒಂದು ಗೆರೆಯೂ ಕಂಡಿತು. ಪ್ರೊಫೆಸರ್ ಸೂಜಿ ನಿಂತಿತು. ಗೆರೆ ಬಾಗಿ ಮೂತಿಯ ಕಡೆ ಹೊರಟಿತ್ತು, ಸ್ವಲ್ಪ ದೂರ ಹೋಗಿ ಇನ್ನೂ ಯಾರೂ ಮುಟ್ಟದ ಕಲ್ಲಿನ ಕೆಳಗೆ ನುಸುಳಿತ್ತು.

"ಇದೇನು ಸರ್?" ಎಂದು ಮಂಡಳಿಯವರೊಬ್ಬರು ಟಿವಿ ನೋಡುತ್ತಾ ಕೇಳಿದರು.

ಪ್ರೊಫೆಸರ್ ಧೂಳು ಊದಿದರು. ಗೆರೆ ಹೋಗಲಿಲ್ಲ.

ದೊಡ್ಡಮ್ಮ ಬಗ್ಗಿ ನೋಡಿದಳು. ಇಪ್ಪತ್ತೆರಡು ವರ್ಷದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತು ಆಡುವಾಗ ಅವಳ ದನಿ ಒಂದಿಷ್ಟೂ ನಡುಗಲಿಲ್ಲ. "ಗೀರಿರ್ಬೇಕು ಸರ್. ಕೆಲಸ ಮಾಡಿದವರ ಅಜಾಗರೂಕತೆಯಿಂದ ಆಗಿರುತ್ತೆ. ಆದ್ರೆ ಈ ಕೆನ್ನೆ ಮೇಲೆ ನಿಮ್ಮ ಸೂಜಿ ಬಿಟ್ರೆ ಬೇರೆ ಯಾರ ಸೂಜಿನೂ ಬಿದ್ದಿಲ್ವಲ್ಲ. ಮತ್ತೆ, ಕಲ್ಲಿನ ಕೆಳಗಡೆ ಹೋಗಿ ಹೇಗೆ ಗೀರಿದ್ರಿ?"

ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು, ನಗುತ್ತಿದ್ದರೋ ಏನೋ. ನನಗೆ ಕಣ್ಣು ತುಂಬಿ ಬಂತು. ಚಪ್ಪಾಳೆ ಹೊಡೆಯಬೇಕು ಅನಿಸಿತು, ಕೈಯಲ್ಲಿ ತಂತಿ ಇತ್ತು.

ಪ್ರೊಫೆಸರ್ ಮುಖ ಕೆಂಪಾಯಿತು. "ಇದು ಬಿರುಕು. ಬರೀ ಬಿರುಕಿದು, ನೋಡಿ ತೋರಿಸ್ತೀನಿ" ಎಂದು ಸೂಜಿಯನ್ನು ಒತ್ತಿ ಎಳೆದರು. ಸೂಜಿ ಜಾರಿತು. ಗೋಡೆಯಗಲದ ಟಿವಿಯಲ್ಲಿ, ಕಪ್ಪು ಮೂಳೆಯ ಅಡ್ಡಕ್ಕೆ ಬೆಳ್ಳಗೆ ಒಂದು ಗೀರು ಬಿತ್ತು. ಎರಡೂ ಪಕ್ಕಪಕ್ಕದಲ್ಲಿದ್ದವು, ಕೆಂಪು ತುಂಬಿದ ಹಳೇ ಕಾಲುವೆ ಮತ್ತು ಸೀಮೆಸುಣ್ಣದಂಥ ಹೊಸ ಗೀರು. ಮೂಳೆಯ ಗಂಧಗಾಳಿ ಇಲ್ಲದ ಪತ್ರಿಕೆಯವನಿಗೂ ವ್ಯತ್ಯಾಸ ಗೊತ್ತಾಯಿತು, ಅವನು ಇನ್ನೊಂದು ಫೋಟೊ ತೆಗೆದ.

"ಗೀರು ಅಂದ್ರೆ ಅದು ಸರ್" ಎಂದಳು ದೊಡ್ಡಮ್ಮ.

"ಈ ಕುರ್ಚಿ ಸರಿಯಿಲ್ಲ!" ಪ್ರೊಫೆಸರ್ ಎದ್ದು ನಿಂತರು. "ಮೊಣಕೈ ಮೇಜಿಗೆ ಸಿಗ್ತಾನೇ ಇಲ್ಲ. ಕುರ್ಚಿ ಎತ್ತರ ಇದೆ!"

ಮಂಡಳಿಯವರಿಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ನಾನಂತೂ ಮುಚ್ಚುಮರೆ ಇಲ್ಲದೆ ನಕ್ಕೆ.

ಆಮೇಲೆ ಅವರು ದೊಡ್ಡಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು. ಹೊಸದಾಗಿ ಕಲಿತ ಮರ್ಯಾದೆಯಲ್ಲಿ, "ಇದನ್ನ ತುಂಬಿ ಬಣ್ಣ ಹಚ್ಚಿಬಿಡಿ ಅಮ್ಮ. ಯಾರಿಗೂ ಕಾಣದ ಹಾಗೆ ಮಾಡೋದು ನಿಮಗೆ ಗೊತ್ತಲ್ಲ" ಎಂದರು.

ಅವಳು ಕೆಲಸದ ಪುಸ್ತಕ ತೆರೆದಳು. ಯಾವ ದಿನ ಯಾವ ಮೂಳೆಗೆ ಯಾರು ಏನು ಮಾಡಿದರೆಂದು ಬರೆದು, ಮಾಡಿದವರಿಂದ ಸಹಿ ಹಾಕಿಸುವುದು ಅಲ್ಲಿನ ಪದ್ಧತಿ. ದಿನಾಂಕ ಹಾಕಿದಳು. ದುಂಡಗೆ, ನಿಧಾನವಾಗಿ ಬರೆದಳು: "ಬಲಗೆನ್ನೆಯ ಮೂಳೆಯ ಮೇಲೆ ಮೂರು ಮಿಲಿಮೀಟರ್ ಉದ್ದದ ಗೀರು. ಸ್ವಚ್ಛಗೊಳಿಸುವಾಗ ಪ್ರೊಫೆಸರ್ ಅವರ ಅಜಾಗರೂಕತೆಯಿಂದ ಆದದ್ದು." ಪುಸ್ತಕ ತಿರುಗಿಸಿ ಅವರ ಮುಂದಿಟ್ಟು, ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟಳು. "ಇಲ್ಲಿ ಸಹಿ ಸರ್."

ಪತ್ರಿಕೆಯವನು ನೋಡುತ್ತಿದ್ದ, ಮಂಡಳಿಯವರು ನೋಡುತ್ತಿದ್ದರು. ಪ್ರೊಫೆಸರ್ ಸಹಿ ಹಾಕಿದರು. ನನ್ನ ಹೊಟ್ಟೆ ತಣ್ಣಗಾಯಿತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕ್ಯಾಮೆರಾದ ತಂತಿ ಸುತ್ತುತ್ತಿದ್ದೆ. ಸಿಹಿ ತಂದು ಹಂಚೋಣ ಎಂದು ಹೇಳಲು ತಿರುಗಿದರೆ ದೊಡ್ಡಮ್ಮ ಮತ್ತೆ ಅದೇ ಕುರ್ಚಿಯ ಪಕ್ಕ ಮಂಡಿಯೂರಿ ಕೂತಿದ್ದಳು. ಸೀಟಿನ ಕೆಳಗಿನ ತಿರುಪನ್ನು ತಿರುಗಿಸುತ್ತಿದ್ದಳು.

"ಏನು ಮಾಡ್ತಿದೀಯ ದೊಡ್ಡಮ್ಮ?"

"ಇಳಿಸ್ತಿದೀನಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಂದ್ರೆ... ನಿಜವಾಗ್ಲೂ ಎತ್ತರ ಇತ್ತಾ?"

"ಒಂದಿಂಚು." ಅವಳು ತಲೆ ಎತ್ತಲಿಲ್ಲ. "ಕಾಲುವೆ ಕಂಡ ತಕ್ಷಣ ಅವನಿಗೆ ಸಿಟ್ಟು ಬರುತ್ತೆ, ಒತ್ತುತಾನೆ ಅಂತ ಗೊತ್ತಿತ್ತು. ಮೊಣಕೈಗೆ ನೆಲೆ ಇಲ್ದಿದ್ರೆ ಜಾರುತ್ತೆ ಅಂತಲೂ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಅವನು ಈ ಕೋಣೆಯಲ್ಲಿ ಹೇಳಿದ್ದು ಒಂದೇ ಒಂದು ನಿಜ ಕಣೇ. ಅದನ್ನ ಯಾರೂ ನಂಬ್ಲಿಲ್ಲ."

ನನ್ನ ನಗು ಎಲ್ಲಿ ಹೋಯಿತೋ. ನನಗೆ ಅವರ ಬಗ್ಗೆ ಕನಿಕರ ಬರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಪೆಟ್ಟಿಗೆಯಲ್ಲಿ ಆ ಪುಟ್ಟ ತಲೆ ಇತ್ತು. ಒಂದು ಮೂಳೆಯನ್ನೂ ಗೀರದ ಕೈ ತನ್ನದೆಂದು ಸಾಬೀತು ಮಾಡಲು ದೊಡ್ಡಮ್ಮ ಇಪ್ಪತ್ತೆರಡು ವರ್ಷ ಕಾದಿದ್ದಳು, ಕೊನೆಗೆ ಅದೇ ಸಾಬೀತಿಗೆ ಒಂದು ಮೂಳೆಯನ್ನು ಗೀರಲು ಬಿಟ್ಟಿದ್ದಳು. ಕೆಂಪು ಗೆರೆ ಕಲ್ಲಿನ ಕೆಳಗೆ ನುಸುಳಿದ್ದು ಕಂಡಾಗಲೇ ಅವಳು ಗೆದ್ದಿದ್ದಳು. ಅಷ್ಟಕ್ಕೇ ಅವಳಿಗೆ ಸಾಕಾಗಿರಲಿಲ್ಲ.

"ಬೇಜಾರಿಲ್ವಾ?" ಎಂದೆ.

"ಮರಿ ಹತ್ರ ಕ್ಷಮೆ ಕೇಳ್ಕೊಂಡೆ. ಬೆಳಿಗ್ಗೆನೇ ಕೇಳ್ಕೊಂಡೆ, ಪೆಟ್ಟಿಗೆ ತೆಗೆದ ಕೂಡ್ಲೆ. ಅವನ ಹತ್ರ ಕೇಳಲ್ಲ." ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ಕುರ್ಚಿಯಲ್ಲಿ ಕೂತು, ಎರಡೂ ಮೊಣಕೈ ಮೇಜಿನ ಮೇಲಿಟ್ಟು ನೋಡಿ, ಇನ್ನು ಸರಿ ಎಂಬಂತೆ ತಲೆಯಾಡಿಸಿದಳು.

ಸಭಾಂಗಣ ತೆರೆದಾಗ ಹಿತ್ತಾಳೆ ಅಕ್ಷರಗಳನ್ನು ಬಡಗಿ ಕಿತ್ತು ಹೊಸದು ಹೊಡೆದ: "ಸರೀಸೃಪದಂತೆ ನೆಲದ ಮೇಲೆ ಬಾಳಿದ ಉಭಯವಾಸಿ". ಮೇಡಂ ಬರೆದ ಲೇಖನದಲ್ಲಿ ದೊಡ್ಡಮ್ಮನ ಹೆಸರು ಎರಡನೆಯದು. ಪ್ರೊಫೆಸರ್ ಪುಸ್ತಕ ಏಳನೇ ಸಲ ಅಚ್ಚಾಗಲಿಲ್ಲ. ಮರುವರ್ಷ ಅವರಿಗೆ ಮತ್ತೆ ಎದೆನೋವು ಬಂತು. ಈ ಸಲ ದೊಡ್ಡಮ್ಮ ಹಣ್ಣು ಒಯ್ಯಲಿಲ್ಲ.

ಮರಿಯ ತಲೆ ಅಜ್ಜನ ಪಕ್ಕದಲ್ಲೇ ಇದೆ, ಮೇಲೊಂದು ದೊಡ್ಡ ಮಸೂರ ಹಾಕಿದ್ದಾರೆ. ಕೆಂಪು ಕಾಲುವೆ ಕಾಣುತ್ತದೆ, ಬಿಳಿ ಗೀರೂ ಕಾಣುತ್ತದೆ. ಅದನ್ನು ತುಂಬಿಬಿಡಿ ಎಂದು ಮೇಡಂ ಕೂಡ ಎರಡು ಸಲ ಹೇಳಿದರು. ದೊಡ್ಡಮ್ಮ ತುಂಬಲಿಲ್ಲ. ನಿವೃತ್ತಳಾದ ಮೇಲೂ ತಿಂಗಳಿಗೊಮ್ಮೆ ಟಿಕೆಟ್ ತೆಗೆದುಕೊಂಡು ಹೋಗಿ ಅದರ ಮುಂದೆ ನಿಲ್ಲುತ್ತಾಳೆ. ಒಮ್ಮೆ ನಾನೂ ಜೊತೆಗಿದ್ದೆ. ಮಸೂರದ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಬಗ್ಗಿ ನೋಡಿ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದಳು:

"ಎರಡು ಕೈ ಸೇರಿ ಮಾಡಿದ ಗೀರು ಇದು."

ಕೆಲಸದ ಪುಸ್ತಕದಲ್ಲಿ ಇರುವುದು ಒಬ್ಬರ ಸಹಿ ಮಾತ್ರ.